ಒಂದು ಕಲ್ಲು ಉಪ್ಪು

ದಕ್ಕೆಯ ರಸ್ತೆಯಲ್ಲಿ, ಮಂಜುಗಡ್ಡೆ ಕುಟ್ಟುವ ಶೆಡ್ಡಿನ ಪಕ್ಕ
ಲೋಲಾಕ್ಷಿಯಕ್ಕನ ಊಟದ ಹೋಟೆಲು. ಆರು ಬೆಂಚು.
ಹೆಸರಿಲ್ಲ. ಹೆಸರು ಬೇಡವಂತೆ.
‘ಒಂದೇ ಶಬ್ದ ಬರಿ ಮಾರಾಯ, ಪುಳಿಮುಂಚಿ.
ಓದಿದವನ ಬಾಯಲ್ಲಿ ನೀರು ಬರಬೇಕು.’
ಮುಂಗಡ ಇನ್ನೂರು, ಮತ್ತೆ ಕೆಲಸ ಮುಗಿಯುವವರೆಗೆ ಮಧ್ಯಾಹ್ನದ ಊಟ.

ನಾನು ಸಿಪ್ರಿ ಪೇಂಟರರ ಕೈಯಲ್ಲಿ ಪಳಗಿದವ,
ಬಸ್ಸಿನ ಹಣೆಗೆ ಊರುಗಳನ್ನು ಬರೆದವ:
ಕಾಟಿಪಳ್ಳ, ಮುಡಿಪು, ತಲಪಾಡಿ,
ಎಲ್ಲ ಊರಿಗೂ ಒಂದೇ ದಪ್ಪ, ಒಂದೇ ನೆರಳು,
ಬಿಸಿಲು ಯಾವಾಗಲೂ ಎಡಗಡೆಯಿಂದ.
ಕಲಿಸಿದ್ದು ಇಷ್ಟೇ: ಗೆರೆ ನಡುಗಬಾರದು.

ಮೊದಲ ದಿನ ಕೆಂಪು ಎನಾಮೆಲಿನಲ್ಲಿ ಬರೆದೆ.
ನಡುಗಲಿಲ್ಲ.
ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.
‘ಚಂದ ಉಂಟು. ಬ್ಯಾಂಕಿನ ಬೋರ್ಡಿನ ಹಾಗೆ.’

ರಾತ್ರಿ ಹಲಗೆಯ ಮುಂದೆ ಕೂತು
ಶಬ್ದವನ್ನು ಬಾಯಲ್ಲಿಟ್ಟುಕೊಂಡೆ,
ಮುಳ್ಳು ಹುಡುಕುವವನ ಹಾಗೆ ನಿಧಾನ.
ಪು ಅನ್ನುವಾಗ ತುಟಿ ಊದುತ್ತದೆ, ಬಿಸಿ ಸಾರಿಗೆ.
ಳಿ ಬಂದದ್ದೇ ನಾಲಗೆ ತಾನಾಗಿ ಮಡಚಿ ಹಿಂದೆ ಸರಿಯುತ್ತದೆ
ಬಿಂಬುಳಿ ತಾಗಿದ ಹಾಗೆ.
ಮುಂ, ಬಾಯಿ ಮುಚ್ಚಿತು.
ಒಳಗೇನೋ ಹೊತ್ತಿಕೊಳ್ಳುವ ಮೊದಲಿನ ಚೂರು ಮೌನ,
ಅದಕ್ಕೊಂದು ಸೊನ್ನೆ.
ಚಿ ಅಂದರೆ ಹಲ್ಲಿನ ಸಂದಿಯಿಂದ ಒಳಗೆಳೆದ ಗಾಳಿ.
ಎಷ್ಟು ವರ್ಷ ತಿಂದಿದ್ದೇನೆ, ಎಷ್ಟು ಸಲ ಹೇಳಿದ್ದೇನೆ,
ಎರಡೂ ಒಂದೇ ಕೆಲಸ ಎಂದು ಗೊತ್ತಿರಲಿಲ್ಲ.

ಬ್ರಷ್ಷು ಬದಿಗಿಟ್ಟೆ.
ಬಿಂಬುಳಿ ಕೊಯ್ದು ಅದರ ಹೋಳಿನಿಂದಲೇ ಬಣ್ಣ ಒತ್ತಿದೆ,
ಪುವಿನ ಕೊಂಬು ಕಣ್ಣು ಕಿವುಚಿ ಬಾಗಿತು.
ಳಿಗೆ ಬಂಗುಡೆಯ ನಡುಮುಳ್ಳು:
ಎಳೆದಲ್ಲೆಲ್ಲ ಸಣ್ಣ ಸಣ್ಣ ಗೀರು ಎದ್ದು
ಹಲ್ಲು ಜುಮ್ಮೆಂದ ಹಾಗೆ.
ಮುಂ ಬರೆದದ್ದು ತೆಂಗಿನ ನಾರಿನ ಉಂಡೆಯಿಂದ, ಉಜ್ಜಿ ಉಜ್ಜಿ,
ಮಸಿ ಹಿಡಿದ ಮಣ್ಣಿನ ಅಳಗೆಯ ಅಡಿಯಂತೆ.
ಚಿ ಮಾತ್ರ ಬರಲಿಲ್ಲ.
ಒಡೆದ ಹೆಂಚಿನ ಚೂರಿನಿಂದ ಗೀಚಿದೆ, ಒರೆಸಿದೆ,
ಬೆರಳಿನಿಂದ ಎಳೆದೆ, ಟರ್ಪೆಂಟೈನು ಎರಚಿದೆ.
ಖಾರ ಅಂದರೆ ಬೆಂಕಿ ಅಂದುಕೊಂಡಿದ್ದೆ,
ಬೆಂಕಿಪೊಟ್ಟಣದ ಮೇಲಿನ ಚಿತ್ರ ಬಂತು.

ಸಿಪ್ರಿ ಪೇಂಟರು ಕೊಡೆ ಊರಿಕೊಂಡು ಬಂದರು.
ಬಹಳ ಹೊತ್ತು ನೋಡಿದರು.
‘ಅಕ್ಷರ ಇರುವುದು ಓದಲಿಕ್ಕೆ, ನೆಕ್ಕಲಿಕ್ಕಲ್ಲ.’
ಹೊರಟವರು ಮೆಟ್ಟಿಲಿನಿಂದ ತಿರುಗಿ ಬಂದು
ಚಿಯ ಗುಡಿಸಿನ ಮೇಲೆ ಉಗುರಿಟ್ಟರು:
‘ಖಾರ ಮೊದಲಿಗೇ ಗೊತ್ತಾಗುವುದಿಲ್ಲವಲ್ಲ, ಮತ್ತೆ ಬರುವುದು.
ತೆಳ್ಳಗೆ ಶುರುಮಾಡು.’

ಮಡಲಿನ ಕಡ್ಡಿಯ ತುದಿಯಿಂದ ಶುರುಮಾಡಿದೆ,
ಕೂದಲೆಳೆಯಷ್ಟು. ಹೊಟ್ಟೆಯ ಹತ್ತಿರ ದಪ್ಪವಾಗುತ್ತ ಹೋಗಿ
ಗುಡಿಸು ಸುತ್ತುವಲ್ಲಿ ಕೈ ನಡುಗಿತು.
ತಿದ್ದಲಿಲ್ಲ.

ಮೂರನೆಯ ದಿನ ಊಟದ ಹೊತ್ತಿಗೆ ಹಲಗೆ ಏರಿಸಿದೆವು.
ಐಸು ಹೊರುವ ಹುಡುಗರು ಓದಿದರೋ ಇಲ್ಲವೋ, ಬಂದು ಕೂತರು.
ಅಕ್ಕನ ಮಗಳು ಯಶವಂತಿ ನನಗೆ ಬಡಿಸುತ್ತ ಮೆಲ್ಲಗೆ ಹೇಳಿದಳು:
ಅಮ್ಮನಿಗೆ ರುಚಿ ಗೊತ್ತಾಗುವುದಿಲ್ಲ,
ಆ ಜ್ವರ ಬಂದು ಹೋದಲ್ಲಿಂದ.
ನಾಲಗೆ, ತೊಳೆದು ಕವುಚಿಟ್ಟ ಬಟ್ಟಲು.
ಅಳತೆ ಕೈಗೆ ಗೊತ್ತುಂಟು. ಬಣ್ಣ ನೋಡುತ್ತಾರೆ,
ಕುದಿಯುವ ಸದ್ದು ಕೇಳುತ್ತಾರೆ,
ಮತ್ತೆ ಉಣ್ಣುವವರ ಮುಖ.
ಯಾರಿಗೂ ಹೇಳಬೇಡಿ.

ಅಕ್ಕ ಹೊರಗೆ ನಿಂತಿದ್ದಳು, ಹಲಗೆಗೆ ಮುಖ ಮಾಡಿ.
ತುಟಿ ಅಲುಗುತ್ತಿತ್ತು. ಪು. ಳಿ.
ಮುಂ ಹತ್ತಿರ ಸ್ವಲ್ಪ ನಿಂತಳು.
ಚಿ ಎಂದು ಗಾಳಿ ಎಳೆದುಕೊಂಡದ್ದು
ನನ್ನ ಬೆಂಚಿನವರೆಗೆ ಕೇಳಿತು.

‘ಸರಿ ಉಂಟು’ ಎಂದಳು, ಸೆರಗಿಗೆ ಕೈ ಒರೆಸಿ.
‘ಉಪ್ಪು ಒಂದು ಕಲ್ಲು ಕಡಿಮೆ.’

ಎಂಜಲು ಕೈಯಲ್ಲೇ ಎದ್ದು ಏಣಿ ಹತ್ತಿದೆ.
ಸೊನ್ನೆಯ ಒಳಗೆ, ರಸ್ತೆಗೆ ಕಾಣದಷ್ಟು,
ಎಡಗೈಯಿಂದ ಒಂದು ಬಿಳಿ ಚುಕ್ಕೆ ಇಟ್ಟೆ.
ಅಕ್ಕ ನೋಡಿ, ಗಂಟಲು ನುಂಗಿ,
ಒಳಗೆ ಹೋದಳು.
ಯಾರೋ ಅನ್ನ ಕೇಳುತ್ತಿದ್ದರು.